ಕ್ಯಾಮೆರಾಕ್ಕೊಂದು ನೀರಿನ ಹರವಿ

ಚಿತ್ರದುರ್ಗದಲ್ಲಿ ಮಾರ್ಚ್ ತಿಂಗಳ ಆಕಾಶ ತುಂಬಾ ಚೆನ್ನಾಗಿರುತ್ತದೆ. ಮೋಡ ಇಲ್ಲ, ಮಂಜು ಇಲ್ಲ, ಗಾಳಿ ಒಣ. ತೊಂದರೆ ಒಂದೇ. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತವೆ. ತಾರಸಿ ಮೇಲೆ ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತದೆ. ನನಗಿಂತ ಚೆನ್ನಾಗಿ ನನ್ನ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ.

ಕ್ಯಾಮೆರಾ ಅಂದರೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 1100ಡಿ. 2011ರ ಮಾಡೆಲ್. ಆರಿಂಚು ಅಗಲದ ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪಿಗೆ ಸಿಕ್ಕಿಸಿ ಮೂರು ಮೂರು ನಿಮಿಷದ ಫೋಟೋ ತೆಗೆಯುತ್ತೇನೆ. ಡಿಸೆಂಬರಿನಲ್ಲಿ ಪರವಾಗಿಲ್ಲ ಅನ್ನಿಸುವ ಚಿತ್ರ ಬರುತ್ತದೆ. ಮಾರ್ಚಿನಲ್ಲಿ ಅದೇ ಕ್ಯಾಮೆರಾ, ಅದೇ ಸೆಟ್ಟಿಂಗ್, ಆದರೆ ಚಿತ್ರ ಮಾತ್ರ ಹೋಳಿ ಮುಗಿದ ಬೀದಿಯ ಹಾಗೆ. ಕೆಂಪು ಚುಕ್ಕೆ, ನೀಲಿ ಚುಕ್ಕೆ, ಹಸಿರು ಚುಕ್ಕೆ. ಮಧ್ಯದಲ್ಲೆಲ್ಲೋ ಗೆಲಾಕ್ಸಿ.

ಸೆನ್ಸಾರಿಗೆ ಎಲೆಕ್ಟ್ರಾನ್ ಎಣಿಸುವುದಷ್ಟೇ ಗೊತ್ತು. ಅದು ಬೆಳಕಿನಿಂದ ಬಿಡುಗಡೆಯಾಗಿದ್ದೋ ಬಿಸಿಯಿಂದ ಆಗಿದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಬಿಸಿಯಿಂದ ಬರುವ ಈ ಸುಳ್ಳು ಬೆಳಕಿಗೆ ಡಾರ್ಕ್ ಕರೆಂಟ್ ಅನ್ನುತ್ತಾರೆ. ಸುಮಾರು 6 ಡಿಗ್ರಿ ಏರಿದರೆ ಅದು ಎರಡು ಪಟ್ಟಾಗುತ್ತದೆ. 12 ಡಿಗ್ರಿಗೆ ನಾಲ್ಕು ಪಟ್ಟು, 18ಕ್ಕೆ ಎಂಟು ಪಟ್ಟು. ಮುಚ್ಚಳ ಹಾಕಿ ಡಾರ್ಕ್ ಫ್ರೇಮ್ ತೆಗೆದು ಕಳೆಯಬಹುದಲ್ವಾ ಅಂತ ಕೇಳಬಹುದು. ಕಳೆಯಬಹುದು, ಆದರೆ ಕಳೆದು ಹೋಗುವುದು ಸರಾಸರಿ ಮಾತ್ರ. ಅದರ ಏರಿಳಿತ ಉಳಿದೇ ಉಳಿಯುತ್ತದೆ. ಮಂಕು ಗೆಲಾಕ್ಸಿಯನ್ನು ನುಂಗುವುದು ಆ ಏರಿಳಿತವೇ.

ಒಳಗೇ ತಂಪು ಮಾಡುವ ಖಗೋಳ ಕ್ಯಾಮೆರಾಗಳು ಸಿಗುತ್ತವೆ. ನನ್ನದರಷ್ಟು ದೊಡ್ಡ ಸೆನ್ಸಾರಿನದು ಬೇಕೆಂದರೆ ಬೆಲೆ ಲಕ್ಷದ ಆಸುಪಾಸು. ಅದು ಆಗದ ಮಾತು. ಹಾಗಾಗಿ ನಾನೇ ಮಾಡಲು ಹೊರಟೆ. ಎರಡು ಸಲ ಮಾಡಿದೆ. ಎರಡನೆಯದು ಕೆಲಸ ಮಾಡುತ್ತಿದೆ.

ಮೊದಲು ಅಳತೆ

ತಂಪು ಮಾಡುವ ಮುಂಚೆ ಎಷ್ಟು ಕೆಟ್ಟದಾಗಿದೆ ಅಂತ ಬರೆದಿಟ್ಟುಕೊಂಡೆ. ಈ ಕೆಲಸವನ್ನು ಬಿಡಬೇಡಿ. ಬಿಟ್ಟರೆ ಮುಂದೆ ಎಲ್ಲವೂ "ಸ್ವಲ್ಪ ಚೆನ್ನಾಗಿ ಕಾಣ್ತಿದೆ ಅಲ್ವಾ" ಅನ್ನುವ ಮಾತಿಗೇ ನಿಲ್ಲುತ್ತದೆ.

ಕ್ಯಾಮೆರಾಕ್ಕೆ ಮುಚ್ಚಳ ಹಾಕಿ, ಕತ್ತಲೆ ಕೋಣೆಯಲ್ಲಿಟ್ಟು, ಐಎಸ್‌ಒ 800ರಲ್ಲಿ 300 ಸೆಕೆಂಡಿನ ಫೋಟೋಗಳನ್ನು ಸಾಲಾಗಿ ತೆಗೆದೆ. ಕ್ಯಾಮೆರಾ ತನ್ನ ಒಳಗಿನ ಉಷ್ಣತೆಯನ್ನು ಪ್ರತಿ ಫೋಟೋದ ಮಾಹಿತಿಯಲ್ಲಿ ಬರೆದಿಡುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅದು ಕಾಣುತ್ತದೆ. ಇದೊಂದು ವರ. ಸೆನ್ಸಾರಿನ ಹತ್ತಿರ ಥರ್ಮಾಮೀಟರ್ ಇಡಲು ಕ್ಯಾಮೆರಾ ಬಿಚ್ಚಬೇಕಿಲ್ಲ.

ಇಲ್ಲಿ ನಾನು ಒಂದು ವಾರ ಮೋಸಹೋದೆ. ಡಾರ್ಕ್ ಫ್ರೇಮಿನ ಸರಾಸರಿ ನೋಡುತ್ತಿದ್ದೆ. ಬಿಸಿ ಇರಲಿ, ತಂಪಿರಲಿ, ಅದು ಬದಲಾಗುತ್ತಲೇ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಡಾರ್ಕ್ ಕರೆಂಟೇ ಇಲ್ಲ ಅಂತ ಖುಷಿಪಟ್ಟೆ ಕೂಡ. ಆಮೇಲೆ ತಿಳಿಯಿತು. ಇಂಥ ಕ್ಯಾಮೆರಾಗಳು ಕಪ್ಪಿನ ಮಟ್ಟವನ್ನು ತಾವೇ ಸರಿಮಾಡಿ ಬರೆಯುತ್ತವೆ. ನೋಡಬೇಕಾದ್ದು ಸರಾಸರಿಯನ್ನಲ್ಲ, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಆ ಏರಿಳಿತದ ಅಳತೆ. ಹೊರಗೆ 27 ಡಿಗ್ರಿ ಇದ್ದ ರಾತ್ರಿ, ಒಂದು ಗಂಟೆ ಓಡಿದ ಮೇಲೆ ಕ್ಯಾಮೆರಾದ ಒಳಗೆ 36 ಡಿಗ್ರಿ ಇತ್ತು. ಡೀವಿಯೇಶನ್ 41. ಅತಿ ಚಿಕ್ಕ ಎಕ್ಸ್‌ಪೋಷರಿನಲ್ಲಿ, ಅಂದರೆ ಬಿಸಿಗೆ ಅವಕಾಶವೇ ಇಲ್ಲದಾಗ, 14. ಈ 14 ಕ್ಯಾಮೆರಾದ ಹುಟ್ಟುಗುಣ, ಎಷ್ಟು ತಂಪು ಮಾಡಿದರೂ ಹೋಗುವುದಿಲ್ಲ. 41 ಮತ್ತು 14 ಎರಡನ್ನೂ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ.

ಮೊದಲ ಡಬ್ಬಿ

ಪೆಲ್ಟಿಯರ್ ಬಿಲ್ಲೆ ನೀವು ನೋಡಿರುತ್ತೀರಿ. ಪುಟ್ಟ ಕಾರ್ ಫ್ರಿಜ್ಜುಗಳಲ್ಲಿ ಇರುತ್ತದೆ. ಬಿಸ್ಕತ್ತಿನಂಥ ಬಿಳಿ ಚೌಕ, ಎರಡು ತಂತಿ. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ಗಡಿಯಾರ ರಿಪೇರಿ ಬಿಟ್ಟು ವಿಜ್ಞಾನಕ್ಕೆ ಬಂದ ಫ್ರಾನ್ಸಿನ ಜಾನ್ ಪೆಲ್ಟಿಯರ್ 1834ರಲ್ಲಿ ಈ ಗುಣವನ್ನು ಕಂಡುಹಿಡಿದದ್ದು. ನಾನು ತಂದದ್ದು ಎಲ್ಲರೂ ತರುವ ಟಿಇಸಿ1-12706. 127 ಜೋಡಿ, 6 ಆಂಪಿಯರ್, 40 ಮಿಲಿಮೀಟರ್ ಚೌಕ. ಇನ್ನೂರು ರೂಪಾಯಿಯ ಒಳಗೆ ಬಂತು. ಎರಡು ತರಿಸಿದೆ. ಒಂದು ಒಡೆಯುತ್ತದೆ ಅಂತ ಮೊದಲೇ ಅಂದುಕೊಂಡಿದ್ದೆ. ಹಾಗೇ ಆಯಿತು.

ಪೆಟ್ಟಿಗೆಗೆ ಖರ್ಚೇ ಆಗಲಿಲ್ಲ. ಇನ್ಸುಲಿನ್ ಬರುವ ಥರ್ಮಾಕೋಲ್ ಡಬ್ಬಿಗಳನ್ನು ಮೆಡಿಕಲ್ ಶಾಪಿನವರು ಎಸೆಯುತ್ತಾರೆ. ಎರಡು ಸೆಂಟಿಮೀಟರ್ ದಪ್ಪದ ಗೋಡೆ, ಕ್ಯಾಮೆರಾ ಹಿಡಿಸುವಷ್ಟು ಜಾಗ. ಒಳಗೆಲ್ಲ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ಮುಂದೆ ಟಿ-ರಿಂಗ್, ಅಂದರೆ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಸೇರಿಸುವ ಲೋಹದ ಬಳೆ, ಹೊರಬರಲು ದುಂಡಗೆ ಕೊರೆದೆ. ಮೇಲ್ಗಡೆ ಪೆಲ್ಟಿಯರಿಗೆ ಒಂದು ಚೌಕ. ಒಳಬದಿಗೆ ತಂಪು ಹರಡಲು ಹಳೇ ಮದರ್‌ಬೋರ್ಡಿನ ಹೀಟ್‌ಸಿಂಕ್, ಅದರ ಮೇಲೆ 40 ಮಿಲಿಮೀಟರಿನ ಪುಟ್ಟ ಫ್ಯಾನ್. ಹೊರಬದಿಗೆ ಹಳೇ ಕಂಪ್ಯೂಟರಿನ ಸಿಪಿಯು ಕೂಲರ್.

ಬಿಲ್ಲೆಯ ದಪ್ಪ ನಾಲ್ಕು ಮಿಲಿಮೀಟರ್ ಅಷ್ಟೇ. ಒಳಗಿನ ಹೀಟ್‌ಸಿಂಕು, ಹೊರಗಿನದು ಎರಡೂ ಅದಕ್ಕೆ ನೇರ ಅಂಟಿದರೆ ಬಿಸಿ-ತಂಪು ಮುಖಾಮುಖಿಯಾಗಿ ನಿಲ್ಲುತ್ತವೆ, ಪಂಪ್ ಮಾಡಿದ್ದು ಪಕ್ಕದಿಂದ ವಾಪಸ್ ಬರುತ್ತದೆ. ಅದಕ್ಕೆ ತಣ್ಣನೆ ಮುಖದ ಕಡೆ 20 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತುಂಡು ಬೇಕು. ಚಳ್ಳಕೆರೆ ಗೇಟಿನ ಕಡೆ ಒಂದು ಗುಜರಿಯಲ್ಲಿ ಸಿಕ್ಕಿತು. ಮೋಟಾರ್ ವೈಂಡಿಂಗ್ ಮಾಡುವ ಪರಿಚಯದವರು ಅದನ್ನು ಕತ್ತರಿಸಿ, ಎರಡೂ ಮುಖ ಉಜ್ಜಿ ಸಪಾಟು ಮಾಡಿಕೊಟ್ಟರು. ಯಾಕೆ ಅಂತ ಕೇಳಿದರು. ನಕ್ಷತ್ರ ನೋಡೋಕೆ ಅಂದೆ. ದುಡ್ಡು ತಗೊಳ್ಳಲಿಲ್ಲ.

ಬೋಲ್ಟ್ ಬಿಗಿ ಮಾಡುವಾಗ ಮೊದಲ ಬಿಲ್ಲೆ ಹೋಯಿತು. ಒಂದು ಕಡೆ ಪೂರ್ತಿ ತಿರುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋದೆ. "ಟಿಕ್" ಅಂದಿತು. ಪಿಂಗಾಣಿ ಅಲ್ವಾ ಅದು. ಎದುರುಬದುರು ಕಾಲು ಸುತ್ತು, ಮತ್ತೆ ಕಾಲು ಸುತ್ತು, ಹೀಗೆ ಬಿಗಿಯಬೇಕು. ಬಿಲ್ಲೆಗೂ ಲೋಹಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ತೆಳ್ಳಗೆ ಇರಬೇಕು, ದೋಸೆಗೆ ಬೆಣ್ಣೆ ಹಾಕುವ ಹಾಗೆ ಅಲ್ಲ. ಬೋಲ್ಟಿನ ತಲೆಗೆ ನೈಲಾನ್ ವಾಷರ್ ಕಡ್ಡಾಯ. ಇಲ್ಲದಿದ್ದರೆ ಕಬ್ಬಿಣದ ಬೋಲ್ಟೇ ಬಿಸಿಗೆ ದಾರಿ. ಒಂದು ಕಿಂಡಿ ಏನು ಮಾಡಬಲ್ಲದು ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಡಬ್ಬಿಯ ದೊಡ್ಡ ಕಿಂಡಿ ಅಂದರೆ ಟಿ-ರಿಂಗ್. ಲೋಹದ ಟೆಲಿಸ್ಕೋಪಿಗೆ ಲೋಹದಿಂದಲೇ ಸೇರುವುದರಿಂದ ಅದನ್ನು ಮುಚ್ಚುವ ಹಾಗಿಲ್ಲ. ಸುತ್ತ ಫೋಮ್ ಟೇಪ್ ಸುತ್ತಿ ಸುಮ್ಮನಾದೆ.

12 ವೋಲ್ಟ್ ಕೊಟ್ಟೆ. ನಾಲ್ಕೂವರೆ ಆಂಪಿಯರ್ ಎಳೆಯಿತು, ಅಂದರೆ ಸುಮಾರು 55 ವ್ಯಾಟ್. ಹೊರಗೆ 27 ಡಿಗ್ರಿ. ಮುಕ್ಕಾಲು ಗಂಟೆಯಲ್ಲಿ ಡಬ್ಬಿಯ ಒಳಗಿನ ಗಾಳಿ 11ಕ್ಕೆ ಬಂತು. ಅಲ್ಲೇ ನಿಂತಿತು. ಹೊರಗಿನ ಹೀಟ್‌ಸಿಂಕ್ ಮುಟ್ಟಿದರೆ ಕೈ ಹಿಂದಕ್ಕೆ ಬರುವಷ್ಟು ಬಿಸಿ.

ಇಲ್ಲಿ ಒಂದು ಲೆಕ್ಕ ನೋಡಿ. ಡಬ್ಬಿಯೊಳಗಿಂದ ಎತ್ತಬೇಕಾದ ಬಿಸಿ ಹತ್ತು ವ್ಯಾಟಿನಷ್ಟು. ಕ್ಯಾಮೆರಾದ್ದು ಎರಡು, ಫ್ಯಾನಿನದು ಒಂದು, ಉಳಿದದ್ದು ಗೋಡೆಯಿಂದ ಸೋರಿ ಬರುವುದು. ಈ ಹತ್ತನ್ನು ಎತ್ತಲು ಬಿಲ್ಲೆ 55 ತಿನ್ನುತ್ತದೆ. ಹೊರಗಿನ ಹೀಟ್‌ಸಿಂಕು 65ನ್ನೂ ಸುರಿಯಬೇಕು. ಅದು ಸುರಿಯಲಾಗದೆ ಕಾದರೆ ಬಿಲ್ಲೆಯ ಎರಡು ಮುಖಗಳ ಅಂತರ ಏರುತ್ತದೆ. ಅಂತರ ಏರಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಅಂದರೆ ಜಾಸ್ತಿ ಕರೆಂಟ್ ಕೊಟ್ಟು ನಾನೇ ಅದರ ಕಾಲಿಗೆ ಕಲ್ಲು ಕಟ್ಟುತ್ತಿದ್ದೆ.

ಅನುಮಾನ ಬಂದು ಮಧ್ಯದಲ್ಲಿ ಒಂದು ಬಕ್ ಕನ್ವರ್ಟರ್ ಹಾಕಿದೆ. ಎಕ್ಸ್‌ಎಲ್4016 ಬೋರ್ಡ್, ಒಂದು ಸ್ಕ್ರೂ ತಿರುಗಿಸಿದರೆ ವೋಲ್ಟೇಜ್ ಇಳಿಯುತ್ತದೆ. 9 ವೋಲ್ಟಿಗೆ ಇಳಿಸಿದೆ. ವಿದ್ಯುತ್ತು ಅರ್ಧಕ್ಕೆ ಬಂತು. ಡಬ್ಬಿಯ ಉಷ್ಣತೆ ಏರಬೇಕಿತ್ತಲ್ವಾ? 10ಕ್ಕೆ ಇಳಿಯಿತು. ಒಂದು ಡಿಗ್ರಿ ದೊಡ್ಡ ಲಾಭವಲ್ಲ. ಆದರೆ ಅರ್ಧ ಖರ್ಚಿನಲ್ಲಿ ಅಷ್ಟೇ ತಂಪು ಅಂದರೆ ಸುಮ್ನೆ ಅಲ್ಲ. ಆ ರಾತ್ರಿ ಅರ್ಥವಾಯಿತು, ಪೆಲ್ಟಿಯರಿನಲ್ಲಿ ತಂಪು ಮಾಡುವುದು ಕಷ್ಟವಲ್ಲ. ಬಿಸಿಯನ್ನು ಎಲ್ಲಿ ಬಿಸಾಕುವುದು ಅನ್ನುವುದೇ ಇಡೀ ಕೆಲಸ.

ಥರ್ಮೋಸ್ಟಾಟ್ ರಿಲೇ ಹಾಕಿ ಆನ್-ಆಫ್ ಮಾಡಿಸಬಹುದಿತ್ತು. ಬೇಡ ಅನ್ನಿಸಿತು. ಆಫ್ ಆದ ಕೂಡಲೇ ಹೊರಗಿನ ಬಿಸಿ ಅದೇ ಬಿಲ್ಲೆಯ ಮೂಲಕ ಒಳಗೆ ನುಗ್ಗುತ್ತದೆ. ಪದೇ ಪದೇ ಬಿಸಿ-ತಂಪಾದರೆ ಒಳಗಿನ ಬೆಸುಗೆಗಳೂ ಬೇಗ ಬಿಡುತ್ತವೆ. ಒಂದೇ ಸಮನೆ ಕಡಿಮೆ ವೋಲ್ಟೇಜ್ ಕೊಡುವುದು ಅದಕ್ಕೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು.

ಡೀವಿಯೇಶನ್ 41ರಿಂದ 20ಕ್ಕೆ ಇಳಿದಿತ್ತು. ಕ್ಯಾಮೆರಾದ ಒಳಗೆ 19 ಡಿಗ್ರಿ. ನಾನು ಕುಣಿದಾಡುವುದೊಂದು ಬಾಕಿ. ಟೆಲಿಸ್ಕೋಪಿಗೆ ಸಿಕ್ಕಿಸಿದೆ. ಕ್ಯಾಮೆರಾ ಹಿಡಿದುಕೊಳ್ಳುವ ಕೊಳವೆ, ಅಂದರೆ ಫೋಕಸರ್, ಕತ್ತು ಬಗ್ಗಿಸಿತು.

ಕ್ಯಾಮೆರಾ ಅರ್ಧ ಕಿಲೋ, ಮೇಲೆ ಅಲ್ಯೂಮಿನಿಯಂ, ಕೂಲರ್, ಫ್ಯಾನ್ ಎಲ್ಲ ಸೇರಿ ಒಂದೂವರೆ ಕಿಲೋ. ಬಿಗಿ ಮಾಡಿ, ತೂಕ ಸರಿದೂಗಿಸಿ ಹೇಗೋ ನಿಲ್ಲಿಸಿದೆ. ಆಮೇಲೆ ನೋಡಿದರೆ ನಕ್ಷತ್ರಗಳೆಲ್ಲ ಅವರೆಕಾಳಿನ ಹಾಗೆ ಉದ್ದ. ಹೊರಗಿನ ಫ್ಯಾನ್ ನಡುಗುತ್ತಿತ್ತು. 750 ಮಿಲಿಮೀಟರ್ ಫೋಕಲ್ ಲೆಂತಿನಲ್ಲಿ ಆ ನಡುಕ ಎದ್ದು ಕಾಣುತ್ತದೆ.

ಇಷ್ಟು ಸಾಲದು ಅಂತ ನಾನೇ ಒಂದು ಎಡವಟ್ಟು ಮಾಡಿದೆ. ಮೆಮೊರಿ ಕಾರ್ಡ್ ತೆಗೆಯಲು ರಾತ್ರಿ ಎರಡಕ್ಕೆ ಡಬ್ಬಿ ತೆರೆದೆ. ಅದು ಡಿಸೆಂಬರಿನ ಕೊನೆ, ಹೊರಗೆ 17 ಡಿಗ್ರಿ, ತೇವಾಂಶ 80ರ ಹತ್ತಿರ. ಅಂಥ ಗಾಳಿಯ ಇಬ್ಬನಿ ಬಿಂದು 13 ಡಿಗ್ರಿ ದಾಟಿರುತ್ತದೆ. ಕ್ಯಾಮೆರಾ ಅದಕ್ಕಿಂತ ತುಂಬಾ ತಣ್ಣಗಿತ್ತು. ತೆರೆದ ಅರ್ಧ ನಿಮಿಷದಲ್ಲಿ ಇಡೀ ಮೈ ಬೆವರಿತು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಬಟನ್ನುಗಳ ಸಂದಿಗೆಲ್ಲ ನೀರು. ಬ್ಯಾಟರಿ ಕಿತ್ತು, ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿ ಹಾಕಿ ಮೂರು ದಿನ ಮುಟ್ಟಲಿಲ್ಲ. ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಆನ್ ಆಯಿತು.

ಅಂದಿನಿಂದ ನನ್ನ ಕಟ್ಟಳೆ ಏನೆಂದರೆ, ಪೆಲ್ಟಿಯರ್ ಆರಿಸಿ ಒಂದು ಗಂಟೆ ಕಳೆಯದೆ ಡಬ್ಬಿ ತೆರೆಯುವಂತಿಲ್ಲ. ಚಿತ್ರಗಳು ಯುಎಸ್‌ಬಿ ತಂತಿಯಿಂದ ನೇರ ಲ್ಯಾಪ್‌ಟಾಪಿಗೆ. ಬ್ಯಾಟರಿ ಜಾಗದಲ್ಲಿ ಡಮ್ಮಿ ಬ್ಯಾಟರಿ, ಕರೆಂಟ್ ಹೊರಗಿನಿಂದ. ಒಳಗೆ ಎರಡು ಹಿಡಿ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಟೆಲಿಸ್ಕೋಪಿನ ಕಡೆಯಿಂದ ತೇವದ ಗಾಳಿ ಸೆನ್ಸಾರಿನ ತನಕ ಬರಬಾರದು ಅಂತ ಟಿ-ರಿಂಗಿನ ಮುಂದಿನ ಕೊಳವೆಗೆ ಒಂದು ಯುವಿ-ಐಆರ್ ಫಿಲ್ಟರ್ ತಿರುಗಿಸಿದೆ. ಅದು ಕಿಟಕಿ ಗಾಜಿನ ಕೆಲಸ ಮಾಡುತ್ತದೆ.

ಹರವಿ ಹೊಳೆದದ್ದು

ತೂಕ, ನಡುಕ ಎರಡಕ್ಕೂ ಮೂಲ ಹೊರಗಿನ ಕೂಲರ್. ಅದನ್ನು ಟೆಲಿಸ್ಕೋಪಿನಿಂದ ಇಳಿಸಬೇಕು. ಅದಕ್ಕೆ ನೀರೇ ದಾರಿ. ಕಂಪ್ಯೂಟರ್ ಆಟಗಾರರು ಬಳಸುವ 40 ಮಿಲಿಮೀಟರಿನ, ಒಳಗೆ ನೀರು ಹರಿಯುವ ಅಲ್ಯೂಮಿನಿಯಂ ವಾಟರ್ ಬ್ಲಾಕ್ ಇನ್ನೂರು ಚಿಲ್ಲರೆಗೆ ಬರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಎರಡು ತೆಳು ಪೈಪು, ಕೆಳಗೆ ನೆಲದ ಮೇಲೆ ಪಂಪು. ಪಂಪು ಖಂಡಿತ 12 ವೋಲ್ಟ್ ಡಿಸಿಯದ್ದೇ ಇರಲಿ. ಅಕ್ವೇರಿಯಮ್ಮಿಗೆ ಸಿಗುವ 230 ವೋಲ್ಟಿನದನ್ನು ರಾತ್ರಿ ಹೊತ್ತು, ತೋಟದಲ್ಲಿ, ಒದ್ದೆ ಕೈಯಲ್ಲಿ ಬಳಸುವುದು ಬೇಡ.

ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಟ್ಟೆ. ಚೆನ್ನಾಗಿ ಕೆಲಸ ಮಾಡಿತು, ಆದರೆ ಬಕೆಟ್ಟಿನ ನೀರು ಶುರುವಿನಲ್ಲೇ 28 ಡಿಗ್ರಿ. ತಾರಸಿ ಟ್ಯಾಂಕಿನ ನೀರಲ್ವಾ. ಐಸ್ ಹಾಕೋಣ ಅಂದುಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಮೂಲೆಯಲ್ಲಿ ಮರಳಿನ ಮೇಲೆ ಕೂತಿತ್ತು, ಕುಡಿಯುವ ನೀರಿನ ಹರವಿ. ಥರ್ಮಾಮೀಟರ್ ಅದ್ದಿದೆ. 25. ಅಷ್ಟೇನಾ ಅನ್ನಿಸಿತು. ಅಮ್ಮ ಹೇಳಿದರು: "ಅದು ಹಳೇದು ಕಣೋ, ಈಗ ತಣ್ಣಗೆ ಮಾಡಲ್ಲ. ಹೊಸದು ತರಬೇಕು."

ಅವರ ಮಾತಿನಲ್ಲಿ ಪೂರ್ತಿ ಭೌತಶಾಸ್ತ್ರ ಇತ್ತು. ಹರವಿ ತಂಪಾಗುವುದು ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುವುದರಿಂದ. ನಮ್ಮ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಉಪ್ಪು ಕೂತು ರಂಧ್ರ ಮುಚ್ಚಿಹೋಗುತ್ತದೆ. ಮೈಮೇಲೆ ಬಿಳಿ ಪಟ್ಟೆ ಕಾಣುತ್ತದಲ್ಲ, ಅದೇ. ಮುಂದಿನ ವಾರ ಸಂತೇಪೇಟೆ ಕಡೆಯಿಂದ ಹನ್ನೆರಡು ಲೀಟರಿನ ಹೊಸ ಹರವಿ ತಂದೆ. ಬೆರಳಲ್ಲಿ ತಟ್ಟಿ ನೋಡಿ ಕೊಟ್ಟರು. ಒಂದು ದಿನ ನೀರು ತುಂಬಿ ನೆನೆಸಿ, ಚೆಲ್ಲಿ, ಫಿಲ್ಟರ್ ನೀರು ಹಾಕಿದೆ. ಗಡಸು ನೀರು ಹಾಕಿದರೆ ಹರವಿಯ ಜೊತೆ ವಾಟರ್ ಬ್ಲಾಕಿನೊಳಗೂ ಉಪ್ಪು ಕೂರುತ್ತದೆ. ಹೊರಗೆ ಹಳೇ ಪಂಚೆಯ ತುಂಡು ಸುತ್ತಿ ಒದ್ದೆ ಮಾಡಿದೆ. ಗಾಳಿ ಬೀಸುವ ಕಡೆ ಇಟ್ಟೆ.

ಗಾಳಿಯ ವಿಷಯ ನಿಮಗೆ ಗೊತ್ತೇ ಇದೆ. ಜೋಗಿಮಟ್ಟಿ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಟೆಲಿಸ್ಕೋಪ್ ಇರುವವರಿಗೆ ಈ ಗಾಳಿಯೇ ಮೊದಲ ಶತ್ರು. ಹರವಿಗೆ ಅದೇ ಬೇಕು. ಹಾಗಾಗಿ ಟೆಲಿಸ್ಕೋಪ್ ಕಾಂಪೌಂಡ್ ಗೋಡೆಯ ಮರೆಯಲ್ಲಿ, ಹರವಿ ಗೋಡೆಯ ಆಚೆ ಬಯಲಲ್ಲಿ. ನಡುವೆ ಎರಡು ಮೀಟರ್ ಪೈಪು.

ಮಾರ್ಚಿನ ಎರಡನೇ ವಾರ. ಸಂಜೆ ಏಳು. ಹೊರಗೆ 27 ಡಿಗ್ರಿ, ತೇವಾಂಶ 35. ಹರವಿ ನೀರು 21.

ಬರೀ ಮಣ್ಣು ಮತ್ತು ಗಾಳಿ ಆರು ಡಿಗ್ರಿ ಕೊಟ್ಟುಬಿಟ್ಟಿದ್ದವು. ಪೆಲ್ಟಿಯರ್ ಇನ್ನೂ ಆನ್ ಆಗಿರಲಿಲ್ಲ.

9 ವೋಲ್ಟ್ ಕೊಟ್ಟೆ. ಮುಕ್ಕಾಲು ಗಂಟೆಯಲ್ಲಿ ಡಬ್ಬಿ 2 ಡಿಗ್ರಿಗೆ ಬಂತು. ಒಳಗಿನ ಹೀಟ್‌ಸಿಂಕಿನ ಮೇಲೆ ಹಿಮ ಕಟ್ಟಿತ್ತು ಅಂತ ಮಾರನೇ ದಿನದ ನೀರಿನ ಕಲೆ ನೋಡಿ ಗೊತ್ತಾಯಿತು. ಮೊದಲ ಡಬ್ಬಿಯಲ್ಲಿ ಹೊರಮುಖ ಕೈ ಸುಡುವಷ್ಟಿತ್ತು. ಈಗ ವಾಟರ್ ಬ್ಲಾಕ್ ಮುಟ್ಟಿದರೆ ಉಗುರುಬೆಚ್ಚಗೂ ಇಲ್ಲ. ವ್ಯತ್ಯಾಸವೆಲ್ಲ ಅಲ್ಲೇ ಇತ್ತು.

ಆದರೆ 9 ವೋಲ್ಟಿನಲ್ಲಿ ಹರವಿ ಸೋಲುತ್ತದೆ. ಗಂಟೆಗೆ ಒಂದು ಡಿಗ್ರಿಗಿಂತ ಚೂರು ಜಾಸ್ತಿ ಏರಿತು. ಹತ್ತು ಗಂಟೆಗೆ ನೀರು 24 ದಾಟಿತ್ತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಬೇಕು. ಆ ರಾತ್ರಿ ಆರು ಗಂಟೆಯಲ್ಲಿ 400 ಮಿಲಿಲೀಟರಿನಷ್ಟು ಕಡಿಮೆಯಾಗಿತ್ತು. ಭಾಗಿಸಿದರೆ 44 ವ್ಯಾಟ್. ಅದರಲ್ಲಿ ಒಂದು ಪಾಲು ಹೊರಗಿನ ಬಿಸಿ ಗಾಳಿಯನ್ನು ತಡೆಯುವುದಕ್ಕೇ ಹೋಗುತ್ತದೆ. ನನ್ನ ಪಾಲಿಗೆ ಉಳಿಯುವುದು ಮೂವತ್ತರ ಒಳಗೆ. ಅಂದರೆ ಒಟ್ಟು ಬಿಸಿ ಮೂವತ್ತು ವ್ಯಾಟ್ ಮೀರದಂತೆ ಬಿಲ್ಲೆ ಓಡಿಸಿದರೆ ಹರವಿ ರಾತ್ರಿಯಿಡೀ ತಡೆಯುತ್ತದೆ. 6 ವೋಲ್ಟಿಗೆ ಇಳಿಸಿದೆ. ಬಿಲ್ಲೆ ಎಳೆದದ್ದು 14 ವ್ಯಾಟ್. ಡಬ್ಬಿಯಿಂದ ಎತ್ತಿದ್ದು, ಪಂಪಿನದು ಎಲ್ಲ ಸೇರಿ 28ರ ಸುತ್ತ. ಹರವಿ ನೀರು 22ಕ್ಕೆ ಬಂದು ಕಾಲೂರಿ ನಿಂತಿತು. ಡಬ್ಬಿ 6 ಡಿಗ್ರಿ.

ಎಷ್ಟು ತಂಪು ಸಾಕು

2 ಡಿಗ್ರಿ ಸಿಗುತ್ತಿರುವಾಗ 6ಕ್ಕೆ ಯಾಕೆ ಒಪ್ಪಿಕೊಂಡೆ ಅಂತ ಕೇಳಬಹುದು. ಗೋಡೆಯ ಮೇಲಿನ ಪೆನ್ಸಿಲ್ ಲೆಕ್ಕ ನೋಡಿ.

ತಂಪಿಲ್ಲದೆ ಡೀವಿಯೇಶನ್ 41. ಮೊದಲ ಡಬ್ಬಿಯಲ್ಲಿ 20. ಹರವಿ, 6 ವೋಲ್ಟ್: 18. ಹರವಿ, 9 ವೋಲ್ಟ್: 17. ಹುಟ್ಟುಗುಣ 14.

ಮೊದಲ ಹದಿನೇಳು ಡಿಗ್ರಿಗೆ ಅರ್ಧಕ್ಕರ್ಧ ಗದ್ದಲ ಹೋಯಿತು. ಆಮೇಲಿನ ಎಂಟು ಡಿಗ್ರಿಗೆ ಸಿಕ್ಕಿದ್ದು ಬರೀ ಮೂರು ಅಂಕಿ. ಡಾರ್ಕ್ ಕರೆಂಟ್ ಆರು ಡಿಗ್ರಿಗೆ ಅರ್ಧವಾಗುತ್ತದೆ ನಿಜ, ಆದರೆ ಅದರ ಏರಿಳಿತ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಅದು ಕ್ಯಾಮೆರಾದ ಹುಟ್ಟುಗುಣಕ್ಕಿಂತ ಕೆಳಗೆ ಹೋದ ಮೇಲೆ ಎಷ್ಟು ಅಮುಕಿದರೂ ಕಣ್ಣಿಗೆ ಕಾಣುವುದಿಲ್ಲ. ಜೊತೆಗೆ ನನ್ನ ಆಕಾಶದಲ್ಲಿ ಹೈವೇ ದೀಪಗಳ ಬೆಳಕೂ ಇದೆ. ಅದರ ಗದ್ದಲ ಬೇರೆ. ಮೈನಸ್ ಇಪ್ಪತ್ತಕ್ಕೆ ಒಯ್ದೆ ಅಂತ ಹೆಮ್ಮೆಪಡುವವರನ್ನು ನೋಡಿದ್ದೇನೆ. ಹಳೇ ಡಿಎಸ್‌ಎಲ್‌ಆರ್‌ಗೆ ಅದು ಶೋಕಿ ಅಂತಲೇ ನನ್ನ ಅಭಿಪ್ರಾಯ. ಜಾಸ್ತಿ ತಂಪು ಅಂದರೆ ಜಾಸ್ತಿ ಇಬ್ಬನಿ, ಜಾಸ್ತಿ ಬ್ಯಾಟರಿ. 12 ವೋಲ್ಟಿನ ಮೊದಲ ಡಬ್ಬಿಗೆ ಆರು ಗಂಟೆಗೆ 30 ಆಂಪಿಯರ್-ಅವರ್ ಬೇಕಿತ್ತು, ಕಾರ್ ಬ್ಯಾಟರಿ ಹೊರಬೇಕಿತ್ತು. ಈಗ ಹತ್ತು ಸಾಕು. 26ರ ಸಣ್ಣ ಬ್ಯಾಟರಿ, ಅರ್ಧ ಕೂಡ ಖಾಲಿಯಾಗುವುದಿಲ್ಲ.

ಹಾಗಾದರೆ ಹರವಿ ಕೊಟ್ಟದ್ದೇನು? ತಂಪಿಗಿಂತ ಜಾಸ್ತಿ, ಹಗುರ. ಟೆಲಿಸ್ಕೋಪಿನ ಮೇಲಿದ್ದ ಕೂಲರಿನ ಅರ್ಧ ಕಿಲೋ ಇಳಿಯಿತು, ನಡುಕ ಹೋಯಿತು, ನಕ್ಷತ್ರಗಳು ದುಂಡಗಾದವು. ಒಳಗಿನ ಪುಟ್ಟ ಫ್ಯಾನನ್ನು ಸ್ಪಂಜಿನ ಮೇಲೆ ಕೂರಿಸಿದ್ದೇನೆ, ಅದರ ಅಲುಗಾಟ ಕಾಣುವುದಿಲ್ಲ.

ಭರಮಸಾಗರದ ರಾತ್ರಿ

ಊರಿನ ಬೆಳಕು ಬಿಟ್ಟು ಮೊದಲ ಸಲ ಹೊರಗೆ ಒಯ್ದದ್ದು ಭರಮಸಾಗರದ ಹತ್ತಿರ ಸಂಬಂಧಿಕರ ತೋಟಕ್ಕೆ. ಹರವಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದೆ. ಟೋಲಿನಲ್ಲಿ ಒಬ್ಬರು ಒಳಗೆ ಇಣುಕಿ ನೋಡಿ ಏನೂ ಕೇಳಲಿಲ್ಲ.

ಗುರಿ ಸಿಂಹ ರಾಶಿಯ ಮೂರು ಗೆಲಾಕ್ಸಿಗಳು. ಎಂ65, ಎಂ66, ಮತ್ತು ಎನ್‌ಜಿಸಿ 3628. ಮೂರನ್ನೂ ನಾವು ಓರೆಯಾಗಿ ನೋಡುತ್ತೇವೆ. ಕೊನೆಯದಂತೂ ಪೂರ್ತಿ ಅಂಚಿನಿಂದ ಕಾಣುತ್ತದೆ, ನಡುವೆ ಕಪ್ಪು ದೂಳಿನ ಪಟ್ಟಿ. ಅವು ಇರುವುದು ಆಕಾಶದ ಸಮಭಾಜಕದಿಂದ ಉತ್ತರಕ್ಕೆ 13 ಡಿಗ್ರಿಯ ಸುತ್ತ, ನಮ್ಮೂರು ಇರುವುದು ಭೂಮಿಯ ಸಮಭಾಜಕದಿಂದ ಉತ್ತರಕ್ಕೆ 14ರ ಸುತ್ತ. ಹಾಗಾಗಿ ಮಾರ್ಚಿನಲ್ಲಿ ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದು ಹೋಗುತ್ತವೆ. ಇದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ.

ನೆತ್ತಿ ದಾಟುವಾಗ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟನ್ನು ಆಚೆ ಬದಿಗೆ ತಿರುಗಿಸಬೇಕು. ತಿರುಗಿಸಿದೆ. ಪೈಪಿನ ನೆನಪೇ ಇರಲಿಲ್ಲ. ಅದು ಮೌಂಟಿನ ಕತ್ತಿಗೆ ಸುತ್ತಿಕೊಂಡು ಮಡಚಿತು. ನೀರು ನಿಂತಿತು. ಪಂಪು ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಬಿಲ್ಲೆಯ ಬಿಸಿ ಮುಖಕ್ಕೆ ಈಗ ಹೋಗಲು ಜಾಗವೇ ಇಲ್ಲ. ಈ ಅಗ್ಗದ ಬಿಲ್ಲೆಗಳ ಬೆಸುಗೆ 138 ಡಿಗ್ರಿಗೆ ಕರಗುತ್ತದೆ. ಅದಕ್ಕಿಂತ ಮೊದಲೇ ಥರ್ಮಾಕೋಲ್ ಮೆತ್ತಗಾಗುತ್ತದೆ.

ಅದೃಷ್ಟಕ್ಕೆ ಹಿಂದಿನ ವಾರವಷ್ಟೇ ನಾನು ವಾಟರ್ ಬ್ಲಾಕಿಗೆ ಒಂದು ಥರ್ಮಲ್ ಸ್ವಿಚ್ ಅಂಟಿಸಿದ್ದೆ. ಕೆಎಸ್‌ಡಿ9700, 50 ಡಿಗ್ರಿಯದು, ಇಪ್ಪತ್ತು ಮೂವತ್ತು ರೂಪಾಯಿ. 50 ದಾಟಿದರೆ ತಾನೇ ತೆರೆದು ಕರೆಂಟ್ ಕಡಿಯುತ್ತದೆ. ಕಡಿಯಿತು. ನಾನು ಗಮನಿಸಿದ್ದು ಲ್ಯಾಪ್‌ಟಾಪಿನಲ್ಲಿ ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಉಷ್ಣತೆ ಏರುವುದನ್ನು ನೋಡಿ. ನೀವು ಇದನ್ನು ಮಾಡುವುದಾದರೆ ಬೇರೆ ಏನನ್ನಾದರೂ ಬಿಡಿ, ಆ ಸ್ವಿಚ್ ಬಿಡಬೇಡಿ. ಈಗ ಪೈಪನ್ನು ಮೌಂಟಿನ ತಲೆಯಿಂದ ಸಡಿಲವಾಗಿ ಇಳಿಬಿಟ್ಟಿದ್ದೇನೆ, ಎರಡೂ ಬದಿಗೆ ತಿರುಗಿದರೂ ಎಳೆಯುವುದಿಲ್ಲ. ಮನೆಯಿಂದ ಹೊರಡುವ ಮುಂಚೆ ಒಂದು ಸಲ ತಿರುಗಿಸಿಯೇ ನೋಡುತ್ತೇನೆ.

ಉಷ್ಣತೆ ತಾನಾಗಿ ಕಟ್ಟಿಹಾಕುವ ವ್ಯವಸ್ಥೆ ಇನ್ನೂ ಇಲ್ಲ. ರಾತ್ರಿ ತಂಪಾದಂತೆ ಡಬ್ಬಿಯೂ ಮೂರು ಡಿಗ್ರಿಯಷ್ಟು ಇಳಿಯುತ್ತದೆ. ಹಾಗಾಗಿ ಡಾರ್ಕ್ ಫ್ರೇಮುಗಳನ್ನು ಕೊನೆಗೆ ಒಟ್ಟಿಗೆ ತೆಗೆಯುವ ಬದಲು ಶುರುವಿನಲ್ಲಿ ಹತ್ತು, ನಡುವೆ ಹತ್ತು, ಮುಗಿಸುವಾಗ ಹತ್ತು ತೆಗೆಯುತ್ತೇನೆ. ಬೇಸರದ ಕೆಲಸ. ಮೈಕ್ರೊಕಂಟ್ರೋಲರ್ ಹಾಕು ಅಂತ ಒಬ್ಬರು ಹೇಳಿದ್ದಾರೆ. ಮಳೆಗಾಲದಲ್ಲಿ ನೋಡೋಣ.

ಆ ರಾತ್ರಿ ಮೂರು ನಿಮಿಷದ 38 ಚಿತ್ರ ಸಿಕ್ಕವು. ಸೇರಿಸಿ ನೋಡಿದಾಗ ಎನ್‌ಜಿಸಿ 3628ರ ದೂಳಿನ ಪಟ್ಟಿ ಬಿಚ್ಚಿ ಬಿಚ್ಚಿ ಕಾಣುತ್ತಿತ್ತು. ಹಿಂದಿನ ವರ್ಷ ಅದೇ ಜಾಗದಲ್ಲಿ ಅದು ಬರೀ ಬೂದು ಗೀರು.

ಒಟ್ಟು ಖರ್ಚು, ಒಡೆದ ಬಿಲ್ಲೆಯನ್ನೂ ಸೇರಿಸಿ, ಬ್ಯಾಟರಿ ಮತ್ತು ಫಿಲ್ಟರ್ ಬಿಟ್ಟು, ಸಾವಿರದ ಐನೂರರ ಒಳಗೆ. ಅದರಲ್ಲಿ ಹರವಿಗೆ 180.

ಈಗ ಮೇ. ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತಿದೆ, ಗಾಳಿಯಲ್ಲಿ ತೇವ ಬಂದಿದೆ, ಹರವಿ ನೀರು 25ರ ಕೆಳಗೆ ಇಳಿಯುತ್ತಿಲ್ಲ. ಡಬ್ಬಿಯನ್ನು ಬಿಚ್ಚಿ ಒಣಗಿಸಿ ಮೇಲಿಟ್ಟೆ. ಹರವಿಯನ್ನು ತೊಳೆದು ತಾರಸಿಯಲ್ಲಿ ಬೋರಲು ಹಾಕಿದ್ದೆ. ಮಾರನೇ ದಿನ ಅದು ಅಡುಗೆಮನೆಯ ಮೂಲೆಯಲ್ಲಿ, ಹಳೆಯದರ ಜಾಗದಲ್ಲಿ, ಮರಳಿನ ಮೇಲೆ ಕೂತಿತ್ತು. ಪೈಪು ತೂರಿಸಲು ಮುಚ್ಚಳದಲ್ಲಿ ನಾನು ಕೊರೆದಿದ್ದ ಎರಡು ತೂತಿಗೆ ಅಮ್ಮ ಬಟ್ಟೆ ತುರುಕಿದ್ದರು.